ಜೋಳದ ಹಿಟ್ಟಿನ ಅಳತೆ

ಮುಂಬಯಿಯ ಕುರ್ಲಾದಲ್ಲಿ ನನ್ನ ಗ್ಯಾರೇಜು ಕೆಳಗೆ, ನಮ್ಮ ಖೋಲಿ ಅದರ ತಲೆಯ ಮೇಲೆ. ಖೋಲಿಯ ಅಡಿಗೆ ಕಟ್ಟೆಯ ಕಿಟಕಿ ತೆರೆದುಕೊಳ್ಳುವುದು ಗ್ಯಾರೇಜಿನ ಬಾಗಿಲ ಮೇಲೆಯೇ. ಕಟ್ಟಿದ ಮಹಾರಾಯ ಯಾರೋ, ಅವನಿಗೆ ಅಡಿಗೆಯೂ ಗೊತ್ತಿರಲಿಲ್ಲ, ಗಾಡಿಯೂ ಗೊತ್ತಿರಲಿಲ್ಲ. ಕೆಳಗೆ ಎಂಜಿನ್ ಚಾಲೂ ಮಾಡಿದರೆ ಹೊಗೆ ಬೇರೆಲ್ಲೂ ಹೋಗದೆ ನೇರವಾಗಿ ನಮ್ಮ ಒಲೆಯ ಮುಂದೆ ಬಂದು ಕೂರುತ್ತದೆ.

ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಇದನ್ನು ಸಹಿಸಿಕೊಂಡಳು. ಮಗಳು ಹುಟ್ಟಿ, ರೊಟ್ಟಿ ತಿನ್ನುವಷ್ಟು ದೊಡ್ಡವಳಾಗಿ, ಒಂದು ದಿನ ‘ರೊಟ್ಟಿಗೆ ಗಾಡಿ ವಾಸನಿ ಬರತೈತಿ’ ಎಂದು ತಟ್ಟೆ ದೂಡಿದಳು. ಹೆಂಡತಿ ಹಿಟ್ಟು ಮೆತ್ತಿದ ಕೈಯಲ್ಲೇ ಕೆಳಗಿಳಿದು ಬಂದಳು. ಬಾಗಿಲಲ್ಲಿ ಒಂದು ಜೀಪು ಕರ್ರಗೆ ಹೊಗೆ ಉಗುಳುತ್ತ ನಿಂತಿತ್ತು. ಬೇರೆ ಯಾರೋ ಮೆಕ್ಯಾನಿಕ್ ಕೈಯಲ್ಲಿ ಹೊಗೆ ಕಡಿಮೆ ಮಾಡುವ ಸಾಮಾನನ್ನೆಲ್ಲ ತೆಗೆಸಿಕೊಂಡು ಬ್ರೇಕ್ ಕೆಲಸಕ್ಕೆಂದು ನನ್ನ ಹತ್ತಿರ ಬಂದ ಗಾಡಿ ಅದು.

‘ಅದನ್ನೆಲ್ಲಾ ಯಾಕ ತಗಸ್ಯಾರ?’ ಎಂದು ಕೇಳಿದಳು.

‘ತಗದ್ರ ಗಾಡಿ ಜೋರ ಓಡತೈತಿ ಅಂತ.’

‘ಗಾಡಿ ಓಡಿ ಹೋಗತೈತ್ರಿ. ನಾವು ಇಲ್ಲೇ ಇರ್ತೀವಿ.’

ಇಷ್ಟೇ ಅಂದು ಮೇಲೆ ಹೋದಳು. ಅಂದಿನಿಂದ ನಮ್ಮ ಗ್ಯಾರೇಜಿನಲ್ಲಿ ಒಂದು ಕಟ್ಟಳೆ ಬಂತು. ಹೊಗೆ ಹಿಡಿಯುವ ಯಾವ ಭಾಗವನ್ನೂ ಇಲ್ಲಿ ಬಿಚ್ಚಿ ಎಸೆಯುವಂತಿಲ್ಲ. ಯಾವ ಗಾಡಿಯ ಕೆಲಸ ಮುಗಿದರೂ ಎಂಜಿನ್ ಚಾಲೂ ಇಟ್ಟು ನಾನು ಮೇಲೆ ನೋಡಬೇಕು. ಅವಳು ಕಿಟಕಿಯಲ್ಲಿ ನಿಂತು ಮೂಗರಳಿಸಿ, ‘ಸಾಕ್ರಿ, ಬಂದ ಮಾಡ್ರಿ. ವಾಸನಿ ಇಲ್ಲ’ ಅನ್ನಬೇಕು. ಗಿರಾಕಿ ಕೆಳಗಿನಿಂದ ‘ಆಯ್ತಕ್ಕ’ ಅಂದು ಎಂಜಿನ್ ನಿಲ್ಲಿಸಬೇಕು. ಆಮೇಲೆಯೇ ಕೀ ಕೈಗೆ. ಗಾಡಿಯ ಹೊಗೆ ತಪಾಸಣೆಗೆ ಪಿಯುಸಿ ಅನ್ನುತ್ತಾರಲ್ಲ, ‘ಮೇಲಿನ ಪಿಯುಸಿ ಪಾಸಾಯ್ತಾ?’ ಎಂದು ಗಿರಾಕಿಗಳು ನನ್ನನ್ನು ಕಿಚಾಯಿಸುತ್ತಿದ್ದರು. ಮೇಲಿನ ಪಿಯುಸಿಯನ್ನು ಮಾತ್ರ ಯಾರೂ ಕಿಚಾಯಿಸಲಿಲ್ಲ.

ಜೋಳದ ಹಿಟ್ಟಿನ ಉಪಾಯವೂ ಅವಳದೇ. ಬಾನೆಟ್ಟಿನ ಒಳಗೆ ಹೊಸದೇನನ್ನಾದರೂ ಕೂರಿಸಿದಾಗ ಕಣ್ಣಿಗೆ ಕಾಣುವ ಸಂದಿಯನ್ನು ನಂಬುವಂತಿಲ್ಲ. ಎಂಜಿನ್ ರಬ್ಬರಿನ ಮೇಲೆ ಕೂತಿರುತ್ತದೆ, ಎಕ್ಸಿಲರೇಟರ್ ಒತ್ತಿದರೆ ಮಗ್ಗುಲಿಗೆ ಹೊರಳುತ್ತದೆ. ಬಾನೆಟ್ ಮುಚ್ಚಿದ ಮೇಲೆ ಒಳಗೆ ಯಾವುದು ಯಾವುದಕ್ಕೆ ತಾಗಿತು ಎಂದು ನೋಡುವವರು ಯಾರು? ಅದಕ್ಕೆ ಸಂದಿಯಲ್ಲಿ ಚಪಾತಿ ಹಿಟ್ಟು ಅಂಟಿಸಿ, ಎಷ್ಟು ಅಮುಕಿದೆ ಎಂದು ಆಮೇಲೆ ನೋಡುತ್ತಿದ್ದೆ. ಗೋಧಿ ಹಿಟ್ಟು ಸುಳ್ಳು ಹೇಳುತ್ತದೆ. ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮತ್ತೆ ಉಬ್ಬಿಕೊಳ್ಳುತ್ತದೆ. ಕಿಟಕಿಯಿಂದ ನೋಡುತ್ತಿದ್ದ ಇವಳು, ‘ಜ್ವಾಳದ ಹಿಟ್ಟ ಹಚ್ಚಿ ನೋಡ್ರಿ. ಅದು ಒತ್ತಿದಂಗ ಇರತೈತಿ’ ಅಂದಳು. ಹಾಗೇ ಇತ್ತು. ಆಮೇಲೆ ನಾನು ಕೆಳಗಿನಿಂದ ಕೂಗುವುದು, ಅವಳು ನಾದಿದ ಮುದ್ದೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಹಗ್ಗ ಕಟ್ಟಿ ಇಳಿಬಿಡುವುದು ರೂಢಿಯಾಯಿತು. ‘ಬಾಳೊತ್ತು ಚಾಲೂ ಇಡಬ್ಯಾಡ್ರಿ, ಒಳಗ ರೊಟ್ಟಿ ಬೇಯತೈತಿ’ ಎಂದು ಮೇಲಿನಿಂದ ಒಂದು ಚೇಷ್ಟೆ ಬೇರೆ.

ಕಳೆದ ಮಳೆಗಾಲದಲ್ಲಿ ಜ್ವರ ಎಂದು ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಊರಿನಿಂದ ಬಂದವರು ಅತ್ತರು, ಉಂಡರು, ರೈಲು ಹತ್ತಿದರು. ನನಗೆ ಅಳು ಬರಲಿಲ್ಲ. ‘ಕಲ್ಲಿನಂಥ ಮನುಷ್ಯ’ ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಮೊದಲಾಗಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದೆ. ಆಗ ಅದೂ ಬರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದಾಗ ತುಟಿ ನಮ್ಮದೋ ಬೇರೆಯವರದೋ ಗೊತ್ತಾಗುವುದಿಲ್ಲವಲ್ಲ, ನನಗೆ ಇಡೀ ಮೈ ಹಾಗಿತ್ತು. ಶಟರ್ ಎತ್ತುತ್ತಿದ್ದೆ, ಇಳಿಸುತ್ತಿದ್ದೆ. ಊಟ ಸ್ಟೇಷನ್ ಹತ್ತಿರದ ಖಾನಾವಳಿಯಲ್ಲಿ. ಅನ್ನ ಬಂದರೆ ಅನ್ನ, ಚಪಾತಿ ಬಂದರೆ ಚಪಾತಿ, ಉಪ್ಪು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಮೇಲೆ ಹೋಗುತ್ತಿದ್ದುದು ಮಲಗಲು ಮಾತ್ರ. ಒಲೆ ಹಚ್ಚಲಿಲ್ಲ, ಕಿಟಕಿ ತೆರೆಯಲಿಲ್ಲ. ಆಯಿಲ್ ಬದಲಿಸುವುದು, ಬ್ರೇಕ್ ನೋಡುವುದು, ಇಂಥ ಸಣ್ಣ ಕೆಲಸಗಳನ್ನೇ ಹಿಡಿಯುತ್ತಿದ್ದೆ.

ಹೀಗಿರುವಾಗ ನಮ್ಮ ಹಳೇ ಗಿರಾಕಿ ಒಬ್ಬರು ಬಂದರು. ಉಡುಪಿ ಕಡೆಯವರು, ಘಾಟ್ಕೋಪರಿನಲ್ಲಿ ಹೋಟೆಲು ಇಟ್ಟವರು. ತಮ್ಮ ದೊಡ್ಡ ಡೀಸೆಲ್ ಗಾಡಿಯ ಹಿಂದಿನ ಸೀಟಿನಲ್ಲಿ ಒಂದು ಇಂಟರ್‌ಕೂಲರ್ ಮಲಗಿಸಿಕೊಂಡು ತಂದಿದ್ದರು. ಕಂಪನಿಯದಲ್ಲ, ಹೊರಗೆ ಕೊಂಡದ್ದು, ಗಾಡಿಯಲ್ಲಿ ಮೊದಲಿಂದ ಇದ್ದದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದು.

‘ಸಂಸಾರ ಕೂರ್ಸಿಕೊಂಡು ಘಟ್ಟ ಹತ್ತುವಾಗ ಇದಕ್ಕೆ ಉಸಿರೇ ಇಲ್ಲ ಮಾರಾಯ್ರೆ’ ಅಂದರು. ‘ಇದೊಂದು ಕೂರ್ಸಿಕೊಡಿ, ಉಸ್ತಾದ್.’

ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿ ಗಾಳಿಯಲ್ಲಿ ಕಸುವು ಕಡಿಮೆ. ಚಹಾ ಆರಲೆಂದು ಬಸಿಗೆ ಸುರಿಯುವ ಹಾಗೆ, ಇಂಟರ್‌ಕೂಲರ್ ಆ ಗಾಳಿಯನ್ನು ಅಗಲವಾಗಿ ಹರಡಿ ತಣಿಸುತ್ತದೆ. ಬಸಿ ದೊಡ್ಡದಾದಷ್ಟೂ ಒಳ್ಳೆಯದು, ಆದರೆ ಇಡಲು ಜಾಗ ಬೇಕಲ್ಲ. ಹೊಸದನ್ನು ಬಂಪರಿನ ಹಿಂದೆ ಹಿಡಿದು ನೋಡಿದೆ. ಅದು ಹೇಗೋ ಕೂತೀತು. ಅದರಿಂದ ಎಂಜಿನ್ನಿಗೆ ಹೋಗಬೇಕಾದ ದಪ್ಪ ರಬ್ಬರ್ ಪೈಪಿನ ದಾರಿಯಲ್ಲಿ ಮಾತ್ರ ಇಜಿಆರ್ ಅಡ್ಡ ಇತ್ತು. ಹೊಗೆಯ ಒಂದು ಪಾಲನ್ನು ತಣಿಸಿ ಮತ್ತೆ ಎಂಜಿನ್ನಿಗೇ ಉಣಿಸುವ ಭಾಗ ಅದು. ಅದರಿಂದ ಹೊರಗೆ ಹೋಗುವ ವಿಷ ತಗ್ಗುತ್ತದೆ. ಇಡೀ ಮುಂಬಯಿಯಲ್ಲಿ ಇಂಟರ್‌ಕೂಲರ್ ಕೂರಿಸುವವರು ಮೊದಲು ಬಿಚ್ಚಿ ಎಸೆಯುವುದು ಅದನ್ನೇ.

‘ಅದನ್ನು ತೆಗ್ದುಬಿಟ್ರೆ ಸುಲಭ ಅಂತಾರಪ್ಪ ಎಲ್ಲರೂ’ ಎಂದು ಅವರು ಶುರು ಮಾಡಿದರು. ಆಮೇಲೆ ಮುಚ್ಚಿದ ಕಿಟಕಿಯತ್ತ ಒಮ್ಮೆ ನೋಡಿ, ದನಿ ತಗ್ಗಿಸಿ, ‘ನಿಮ್ಮಿಷ್ಟ’ ಅಂದರು.

ನಾನು ಬೋಲ್ಟು ಬಿಚ್ಚುವ ಪಾನಾ ತೆಗೆದುಕೊಂಡು ಇಜಿಆರಿಗೆ ಹಾಕಿದೆ. ಮೇಲೆ ಯಾರಿದ್ದಾರೆ? ಹೊಗೆ ಹೋದರೆ ಯಾರ ರೊಟ್ಟಿಗೆ ಹೋಗುತ್ತದೆ? ಯಾರೂ ಕೆಳಗಿಳಿದು ಬಂದು ಕೇಳುವುದಿಲ್ಲ. ಹೀಗೆಲ್ಲ ಲೆಕ್ಕ ಹಾಕಿದೆ, ಲೆಕ್ಕ ಸರಿಯಾಗಿಯೇ ಇತ್ತು. ಕೈ ಮಾತ್ರ ತಿರುಗಲಿಲ್ಲ. ಅವಳ ಮೇಲಿನ ಪ್ರೀತಿಯಿಂದ ಎಂದು ಈಗ ಹೇಳಿದರೆ ಚೆನ್ನಾಗಿ ಕೇಳಿಸುತ್ತದೆ. ಆಗ ನನ್ನೊಳಗೆ ಪ್ರೀತಿಯೂ ಇರಲಿಲ್ಲ, ದುಃಖವೂ ಇರಲಿಲ್ಲ. ಆ ಬೋಲ್ಟು ಬಿಚ್ಚುವ ರೂಢಿ ಕೈಗೆ ಇರಲಿಲ್ಲ, ಅಷ್ಟೇ. ಪಾನಾ ಕೆಳಗಿಟ್ಟು, ‘ಅದು ಅಲ್ಲೇ ಇರಲ್ರಿ. ಬ್ಯಾರೆ ಕಡೆ ಜಾಗಾ ಮಾಡೂಣು’ ಅಂದೆ.

ಮಾಡುತ್ತ ಹೋದೆ. ಹಾರ್ನನ್ನು ಕೆಳಕ್ಕೆ ಇಳಿಸಿದೆ. ಗಾಜು ತೊಳೆಯುವ ನೀರಿನ ಡಬ್ಬಿಯನ್ನು ಆಚೆ ಮಗ್ಗುಲಿಗೆ ಕಳಿಸಿದೆ. ಬ್ಯಾಟರಿಯ ತಟ್ಟೆಯನ್ನು ಹಿಂದಕ್ಕೆ ಸರಿಸಿ ಬೇರೆ ತೂತು ಕೊರೆದೆ. ಬಂಪರಿನ ಹಿಂದಿನ ಪ್ಲಾಸ್ಟಿಕ್ಕನ್ನು ಬೇಕಾದಷ್ಟು ಕತ್ತರಿಸಿದೆ. ಇಂಟರ್‌ಕೂಲರಿನ ಮೂತಿ ನೇರಕ್ಕೆ ಇತ್ತು, ಅದನ್ನು ಕೊಯ್ದು ಗಲ್ಲಿಯ ವೆಲ್ಡಿಂಗ್‌ನವನ ಹತ್ತಿರ ವಾರೆಯಾಗಿ ಬೆಸೆಸಿಕೊಂಡು ಬಂದೆ. ಪೈಪು ಈಗ ಹೆಡ್‌ಲೈಟಿನ ಹಿಂದೆ ಹಾದು, ಬ್ಯಾಟರಿಯನ್ನು ಬಳಸಿ, ಇಜಿಆರಿನ ಪಕ್ಕಕ್ಕೇ ನುಸುಳಿ ಎಂಜಿನ್ನಿಗೆ ಸೇರಿತು. ಸಂಸಾರ ದೊಡ್ಡದು, ಖೋಲಿ ಚಿಕ್ಕದು ಅಂದಾಗ ನಾವು ಹೊಂದಿಕೊಳ್ಳುವುದೂ ಹೀಗೆಯೇ, ಯಾರನ್ನೂ ಹೊರಗೆ ಹಾಕದೆ. ಕೆಲಸ ಸರಿಯಾಗಿದೆ ಎಂದು ಕಂಡಿತು. ಸಂತೋಷವೇನೂ ಆಗಲಿಲ್ಲ.

ಇನ್ನು ಉಳಿದದ್ದು ಹಿಟ್ಟಿನ ಅಳತೆ. ಪೈಪು ಇಜಿಆರಿಗೆ ತಾಗಿದರೆ ಅದರ ಬಿಸಿಗೆ ಕರಗಿ, ಘಟ್ಟದ ನಡುವೆ ಗಾಡಿ ನಿಲ್ಲುತ್ತದೆ. ತಾಗುವುದು ಖಂಡಿತ ಎಂದಾದರೆ ಕಡೆಗೆ ಇಜಿಆರ್ ತೆಗೆಯದೆ ಗತಿಯಿಲ್ಲ. ತಲೆ ಎತ್ತಿ, ಕೂಗಲು ಬಾಯಿ ತೆರೆದೆ. ತೆರೆದ ಬಾಯಿಯನ್ನು ಮುಚ್ಚಿಕೊಂಡು ಮೆಟ್ಟಿಲು ಹತ್ತಿದೆ.

ಹಿಟ್ಟಿನ ಡಬ್ಬಿ ಅದರ ಜಾಗದಲ್ಲೇ ಇತ್ತು. ಬೋಗುಣಿಗೆ ಸುರಿದು, ನಳದ ನೀರು ಹಾಕಿ ಕಲಸಿ ಕೆಳಗೆ ತಂದೆ. ಅಂಟಿಸಲು ಹೋದರೆ ಮುದ್ದೆ ಬಿರುಕು ಬಿಟ್ಟು, ಪುಡಿಪುಡಿಯಾಗಿ ಫ್ಯಾನ್ ಬೆಲ್ಟಿನ ಮೇಲೆ ಉದುರಿತು. ಮತ್ತೆ ಮೇಲೆ ಹೋಗಿ ಇನ್ನಷ್ಟು ನೀರು ಹಾಕಿದೆ. ಈ ಸಲ ರಾಡಿಯಾಯಿತು, ಬೆರಳಿಗೆ ಅಂಟಿದ್ದು ಕಬ್ಬಿಣಕ್ಕೆ ಅಂಟಲಿಲ್ಲ. ಜೀವಮಾನವೆಲ್ಲ ಜೋಳದ ರೊಟ್ಟಿ ತಿಂದವನು ನಾನು, ಅದರ ಹಿಟ್ಟು ಹೇಗೆ ಒಂದಾಗುತ್ತದೆ ಎಂದು ನೋಡಿರಲೇ ಇಲ್ಲ. ಮೇಲಿನಿಂದ ಇಳಿದು ಬರುತ್ತಿತ್ತು, ತೆಗೆದುಕೊಳ್ಳುತ್ತಿದ್ದೆ.

ಸ್ಟೂಲಿನ ಮೇಲೆ ಕೂತಿದ್ದ ಗಿರಾಕಿ ಇದನ್ನೆಲ್ಲ ನೋಡುತ್ತಿದ್ದರು. ‘ನಮ್ಮ ಹೋಟ್ಲಿಂದ ಪರೋಟದ ಹಿಟ್ಟು ತರ್ಸುವನಾ?’ ಎಂದು ಮೆಲ್ಲಗೆ ಕೇಳಿದರು.

‘ಬ್ಯಾಡ್ರಿ. ಅದು ಸುಳ್ಳ ಹೇಳತೈತಿ.’

ಮಗಳಿಗೆ ಫೋನ್ ಮಾಡಿದೆ. ಮದುವೆಯಾಗಿ ಡೊಂಬಿವಿಲಿಯಲ್ಲಿದ್ದಾಳೆ. ಕನ್ನಡ ಪೂರ್ತಿ ತಿಳಿಯುತ್ತದೆ, ಈಗೀಗ ಆಡುವಾಗ ಎಡವಿ ಹಿಂದಿಗೆ ಜಾರುತ್ತಾಳೆ. ಹಿಟ್ಟು ಒಡೆಯುತ್ತಿದೆ ಎಂದೆ.

‘ಪಪ್ಪಾ, ಥಂಡಾ ನೀರು ಹಾಕಿದ್ರಿ ಕ್ಯಾ? ಅವ್ವ ಗರಂ... ಕುದಿಯೋ ನೀರು ಹಾಕ್ತಿದ್ಲು. ಪೆಹಲೇ ಚಮಚ, ಬಾದ್ ಮೇ ಕೈ. ಗರಂ ಇದ್ದಾಗಲೇ, ವೋ ಕ್ಯಾ ಬೋಲ್ತೇ, ನಾದಬೇಕು.’ ಆಮೇಲೆ, ‘ಒಲಿ ಹಚ್ಚಿದ್ರಿ ಕ್ಯಾ, ಪಪ್ಪಾ?’ ಅಂದಳು.

‘ಈಗ ಹಚ್ಚತೀನಿ’ ಎಂದೆ.

ಗ್ಯಾಸ್ ಒಲೆ ಹಚ್ಚಿ ಎಸರಿಟ್ಟೆ. ಆವಿ ಖೋಲಿಯೆಲ್ಲ ತುಂಬಿಕೊಂಡಿತು, ಕಿಟಕಿ ತೆರೆಯಬೇಕಾಯಿತು. ಕುದಿಯುವ ನೀರು ಸುರಿದು ಚಮಚದಿಂದ ಕಲಸಿ, ಹಿಟ್ಟಿನೊಳಗೆ ಕೈ ಇಟ್ಟೆ. ಅಂಗೈ ಚುರ್ ಎಂದಿತು. ಅವಳು ಹೋದ ಮೇಲೆ ನನಗೆ ಸರಿಯಾಗಿ ತಿಳಿದ ಮೊದಲ ಸಂಗತಿ ಅದು, ಸುಡುತ್ತಿದೆ ಎಂಬುದು. ಕೈ ತೆಗೆಯದೆ ನಾದಿದೆ. ಬಿಡಿಬಿಡಿಯಾಗಿದ್ದದ್ದು ಒಂದಾಗುತ್ತ ಬಂತು. ಪ್ರತಿದಿನ ಇಷ್ಟು ಬಿಸಿಯಲ್ಲಿ ಕೈ ಇಟ್ಟುಕೊಂಡೇ ಅವಳು ಕೆಳಗಿದ್ದ ನನ್ನೊಂದಿಗೆ ಹರಟುತ್ತಿದ್ದಳು.

ಮುದ್ದೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದೆ. ಚೀಲ ಕಿಟಕಿಯ ಮೊಳೆಗೇ ನೇತಾಡುತ್ತಿತ್ತು, ಹಗ್ಗವೂ ಜೊತೆಗಿತ್ತು. ಮೆಟ್ಟಿಲಿಳಿದು ಒಯ್ಯುವುದನ್ನು ಬಿಟ್ಟು ಅದನ್ನು ಯಾಕೆ ಇಳಿಬಿಟ್ಟೆನೋ. ಗಿರಾಕಿ ಎದ್ದು ಬಂದು, ಎರಡೂ ಕೈಯಲ್ಲಿ ಹಿಡಿದುಕೊಂಡರು.

ಹಿಟ್ಟು ಅಂಟಿಸಿ, ಬಾನೆಟ್ ಮುಚ್ಚಿ, ಅವರನ್ನು ಕೂರಿಸಿ ಬ್ರೇಕ್ ಹಿಡಿದು ಎಕ್ಸಿಲರೇಟರ್ ಒತ್ತಿಸಿದೆ. ತೆರೆದು ನೋಡಿದರೆ ಇಜಿಆರಿನ ಹತ್ತಿರ ಹಿಟ್ಟು ಕಾಗದದಷ್ಟು ತೆಳ್ಳಗಾಗಿತ್ತು. ಪೈಪು ಹೋಗಿ ತಾಗುತ್ತಿತ್ತು. ಕ್ಲಾಂಪ್ ಸಡಿಲಿಸಿ, ಪೈಪಿನ ಬಾಗನ್ನು ಕೊಂಚ ಕೆಳಕ್ಕೆ ತಿರುಗಿಸಿ, ಬೇರೆ ಹಿಟ್ಟು ಅಂಟಿಸಿ ಇನ್ನೊಮ್ಮೆ ಒತ್ತಿಸಿದೆ. ಈ ಸಲ ಒಂದು ಬೆರಳು ದಪ್ಪ ಉಳಿದಿತ್ತು. ಇಜಿಆರ್ ತನ್ನ ಜಾಗದಲ್ಲಿ, ಪೈಪು ತನ್ನ ಜಾಗದಲ್ಲಿ. ಹಿಟ್ಟನ್ನೆಲ್ಲ ಕೆರೆದು ತೆಗೆದು, ಕಡೆಯ ಸಲ ಎಂಜಿನ್ ಚಾಲೂ ಮಾಡಿಸಿದೆ. ಅವರು ಸೀಟಿನಲ್ಲಿ, ನಾನು ಬಾನೆಟ್ಟಿನ ಮುಂದೆ. ಇಬ್ಬರೂ ಒಟ್ಟಿಗೇ ಮೇಲೆ ನೋಡಿದೆವು.

ಕಿಟಕಿ ತೆರೆದಿತ್ತು. ಅಲ್ಲಿ ಯಾರೂ ಇರಲಿಲ್ಲ.

ಅವರು ಮುಖ ತಿರುಗಿಸಿಕೊಂಡರು, ಎಂಜಿನ್ ಮಾತ್ರ ನಿಲ್ಲಿಸಲಿಲ್ಲ. ‘ಒಂಚೂರು ತಡೀರಿ’ ಎಂದು ನಾನು ಮೇಲೆ ಹೋಗಿ ಅವಳು ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ. ಮೂಗರಳಿಸಿದೆ. ವರ್ಷಗಟ್ಟಲೆ ಡೀಸೆಲ್ ಕುಡಿದ ಮೂಗು, ಅದಕ್ಕೆ ಏನು ತಿಳಿಯಬೇಕು? ಬೋಗುಣಿಯಲ್ಲಿ ಇನ್ನೊಂದು ಉಂಡೆ ಹಿಟ್ಟು ಉಳಿದಿತ್ತು. ಅದನ್ನು ತಟ್ಟಿದೆ, ಅಂಚು ಹರಿಯಿತು. ಹಂಚಿನ ಮೇಲೆ ಹಾಕಿದೆ, ನಡುವೆ ಒಡೆಯಿತು. ಕೆಳಗೆ ಎಂಜಿನ್ ಗುರುಗುಡುತ್ತಲೇ ಇತ್ತು. ಅರೆಬೆಂದ ಆ ತುಣುಕನ್ನು ತಟ್ಟೆಗೆ ಹಾಕಿಕೊಂಡು ಬಾಯಿಗಿಟ್ಟೆ. ಜೋಳದ ರುಚಿ ಇತ್ತು, ಒಂದಿಷ್ಟು ಸೀದ ರುಚಿ ಇತ್ತು. ಬೇರೇನೂ ಇರಲಿಲ್ಲ. ಇನ್ನೊಂದು ತುಣುಕು ತಿಂದೆ. ನನಗೆ ಹಸಿವಾಗಿತ್ತು.

ಕಿಟಕಿಯಿಂದ ಬಗ್ಗಿ ಹೇಳಿದೆ. ‘ಸಾಕ್ರಿ, ಬಂದ ಮಾಡ್ರಿ. ವಾಸನಿ ಇಲ್ಲ.’

‘ಆಯ್ತಕ್ಕ’ ಎಂದರು ಅವರು, ಮೇಲೆ ನೋಡದೆ, ರೂಢಿಯಂತೆ. ಎಂಜಿನ್ ನಿಂತಿತು. ಅಂದದ್ದು ಏನೆಂದು ಅವರಿಗೆ ಹೊಳೆದಿರಬೇಕು, ಸ್ಟಿಯರಿಂಗ್ ಹಿಡಿದುಕೊಂಡು ಹಾಗೇ ಕೂತರು, ತಿದ್ದಿಕೊಳ್ಳಲಿಲ್ಲ. ನಾನೂ ತಿದ್ದಲಿಲ್ಲ. ತಟ್ಟೆ ಹಿಡಿದುಕೊಂಡು ಒಲೆಯ ಮುಂದೆ ಕೂತು ಅತ್ತೆ.