ಚಾನೆಲ್ ಮೇಲೆ ಹಗೆ ಸಾಧಿಸಿದ ನನ್ನ ಗಂಡ

ನನ್ನ ಗಂಡನ ಜೀವನಚರಿತ್ರೆ ಬರೆಯಿರಿ ಎಂದು ನನ್ನನ್ನು ಯಾರೂ ಕೇಳಿಲ್ಲ. ಈಚೆಗೆ ನಮ್ಮ ಬೀದಿಯಲ್ಲಿ ಇವರನ್ನು ಹೊಗಳುವವರು ವಿಪರೀತ ಹೆಚ್ಚಿದ್ದಾರೆ, ಅದನ್ನು ಕೇಳಿ ಕೇಳಿ ಮೈಯೆಲ್ಲ ಉರಿದು ಬರೆಯಲು ಕೂತಿದ್ದೇನೆ. ಇವರು, ಅವರು ಎಂದು ಬಹುವಚನ ಹಾಕುವುದು ಅಭ್ಯಾಸ. ಗೌರವವೆಂದು ತಪ್ಪು ತಿಳಿಯಬೇಡಿ.

ಮದುವೆಯಾದಾಗ ಇವರು ಮೆಡಿಕಲ್ ರೆಪ್. ಕೈಯಲ್ಲೊಂದು ಕಪ್ಪು ಬ್ಯಾಗು, ಕುತ್ತಿಗೆಗೊಂದು ಟೈ, ಬಾಯಲ್ಲಿ ಊರಗಲ ಮಾತು. ಡಾಕ್ಟರುಗಳ ಬಾಗಿಲಲ್ಲಿ ಕಾದು ಕಾದು ಇವರಿಗೊಂದು ಗುಣ ಅಂಟಿಕೊಂಡಿತ್ತು. ದೊಡ್ಡವರು ಅನ್ನಿಸಿಕೊಂಡವರು ಯಾರಾದರೂ ಸ್ವಲ್ಪ ನಕ್ಕು ಮಾತಾಡಿಸಿದರೆ ಸಾಕು, ಅವರನ್ನು ತಲೆಯ ಮೇಲೆ ಕೂರಿಸಿಕೊಂಡುಬಿಡುವುದು. "ಇವತ್ತು ಡಾಕ್ಟರು ನನ್ನ ಹೆಸರು ಹಿಡಿದು ಕರೆದ್ರು ಕಣೇ" ಎಂದು ಅರಳಿದ ಮುಖದಲ್ಲಿ ಮನೆಗೆ ಬರುತ್ತಿದ್ದರು. ಆ ಡಾಕ್ಟರು ಇವರ ಕಂಪನಿಯ ಮಾತ್ರೆಯನ್ನು ಒಬ್ಬ ರೋಗಿಗೂ ಬರೆದುಕೊಟ್ಟಿರುತ್ತಿರಲಿಲ್ಲ.

ಫಾರ್ಮಸಿ ಓದಿದವಳು ನಾನು. ನಾವು ಔಷಧಿ ಅಂಗಡಿ ತೆರೆದಾಗ ಲೈಸೆನ್ಸ್ ನನ್ನ ಹೆಸರಿನಲ್ಲಿ ಬಂತು. ಬೆಳಗಿನಿಂದ ಕೌಂಟರಿನ ಹಿಂದೆ ನಿಂತು ಊದಿಕೊಳ್ಳುವ ಕಾಲೂ ನನ್ನದೇ. ಇವರು ಕೆಲಸ ಬಿಟ್ಟು ಬಂದು ಪ್ರಚಾರದ ಖಾತೆ ವಹಿಸಿಕೊಂಡರು. ಅಂಗಡಿಯ ಉದ್ಘಾಟನೆಗೆ ಟಿವಿಯವನೊಬ್ಬನನ್ನು ಕರೆತಂದದ್ದು ಆ ಖಾತೆಯ ಮೊದಲ ಸಾಧನೆ.

ಬಂದವನು ಈಗ ದಿನಾ ಸಂಜೆ ಮೇಜು ಗುದ್ದಿ ದೇಶಕ್ಕೆಲ್ಲ ಬುದ್ಧಿ ಹೇಳುವ ಆ ನಿರೂಪಕ. ಆಗಿನ್ನೂ ಮಧ್ಯಾಹ್ನದ ಸುದ್ದಿ ಓದುತ್ತಿದ್ದ. ನಾನು ಅವನಿಗಿಟ್ಟ ಹೆಸರು ಗುಡುಗು. ಮಳೆ ಇಲ್ಲ, ಬರೀ ಗುಡುಗು. ರಿಬ್ಬನ್ ಕತ್ತರಿಸಿದ, ಹಲ್ಲು ಕಿರಿದ, ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ಮೇಡಂ, ತಲೆ ಸಿಡೀತಿದೆ, ಒಂದು ಮಾತ್ರೆ ಇದ್ರೆ ಕೊಡಿ" ಎಂದ. ಕೊಟ್ಟೆ. ನಮ್ಮ ಅಂಗಡಿಯಿಂದ ಹೊರಗೆ ಹೋದ ಮೊದಲ ಮಾತ್ರೆ ಅದು. ಕೌಂಟರಿನ ಪಕ್ಕದಿಂದ ಸ್ಟ್ರಿಪ್ ದಾಟಿಸುತ್ತ ನಾನು ಸಂಕೋಚದಿಂದ ನಕ್ಕೆ, ಅವನ ಜೊತೆ ಬಂದಿದ್ದ ಕ್ಯಾಮೆರಾದವನು ಅದನ್ನೆಲ್ಲ ಚಿತ್ರೀಕರಿಸಿಕೊಂಡ. ಅಂಗಡಿ ಚೆನ್ನಾಗಿ ನಡೆಯಿತು. ಅದು ಗುಡುಗಿನಿಂದಲ್ಲ, ಸುತ್ತಮುತ್ತ ಬೇರೆ ಔಷಧಿ ಅಂಗಡಿ ಇರಲಿಲ್ಲ, ಅದಕ್ಕೆ.

ಕೆಲವು ವರ್ಷ ಕಳೆದ ಮೇಲೆ ಒಂದು ಸಂಜೆ ಎಲ್ಲೋ ನಕಲಿ ಔಷಧಿ ಹಿಡಿದರೆಂದು ಸುದ್ದಿ ಬಂತು. ಗುಡುಗು ಮೇಜು ಗುದ್ದಿದ. ಅವನ ಹಿಂದಿನ ಪರದೆಯಲ್ಲಿ ನಾನು! ಕಳ್ಳಸಾಗಣೆಯವಳ ಹಾಗೆ ಬದಿಯಿಂದ ಸ್ಟ್ರಿಪ್ ದಾಟಿಸುತ್ತಿದ್ದೇನೆ, ಮೇಲೆ ನಗುತ್ತಿದ್ದೇನೆ. ಮಾತ್ರೆ ತೆಗೆದುಕೊಂಡವನನ್ನು ಅಂಚಿನಲ್ಲಿ ಕತ್ತರಿಸಿ ಹಾಕಿದ್ದರು. ನನ್ನ ಮುಖದ ಸುತ್ತ ಕೆಂಪು ವೃತ್ತ, ಅದರ ಕೆಳಗೆ 'ಜನರ ಜೀವದ ಜೊತೆ ಚೆಲ್ಲಾಟ'. ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ 'ಸಂಗ್ರಹ ದೃಶ್ಯ' ಎಂದಿತ್ತಂತೆ. ನನಗಂತೂ ಕಾಣಲಿಲ್ಲ.

ಔಷಧ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಇಡೀ ಅಂಗಡಿ ಜಾಲಾಡಿದರು. "ನಿಮ್ಮಲ್ಲಿ ಏನೂ ದೋಷ ಇಲ್ಲಮ್ಮ, ನಿಶ್ಚಿಂತೆಯಾಗಿರಿ" ಎಂದು ಹೇಳಿ ಹೋದರು. ನಿಶ್ಚಿಂತೆಯಾಗಿ ಇರುವುದು ಹೇಗೆ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ನನ್ನ ಕಣ್ಣೆದುರೇ ಹಳೆಯ ಗಿರಾಕಿಗಳು ತಲೆ ತಗ್ಗಿಸಿಕೊಂಡು ರಸ್ತೆ ದಾಟಿ, ಎರಡು ಬೀದಿ ಆಚೆ ಹೊಸದಾಗಿ ತೆರೆದ ಅಂಗಡಿಗೆ ನಡೆದರು. ಬಂದ ಕೆಲವರು ಮಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಒರಿಜಿನಲ್ ತಾನೇ?" ಎಂದು ಕೇಳುತ್ತಿದ್ದರು. ಪ್ರತಿಸಲ ಕೇಳಿದಾಗಲೂ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು. ನಕಲಿ ಮಾತ್ರೆಯ ಸುದ್ದಿ ಬಂದಾಗಲೆಲ್ಲ, ಕೆಮ್ಮಿನ ಔಷಧಿಯ ಸುದ್ದಿ ಬಂದರೂ, ಪರದೆಯ ಮೇಲೆ ನಾನು ಅದೇ ನಗು ನಕ್ಕು ಅದೇ ಸ್ಟ್ರಿಪ್ ದಾಟಿಸುತ್ತಲೇ ಇದ್ದೆ.

ಆಗ ಇವರು ಶಪಥ ಮಾಡಿದರು. "ಇವಳೇ, ನೋಡ್ತಿರು. ಆ ಗುಡುಗು ಅದೇ ಮೇಜಿನ ಮುಂದೆ ಕೂತು ನಿನ್ನ ಕ್ಷಮೆ ಕೇಳಬೇಕು. ಕೇಳಿಸ್ಲಿಲ್ಲ ಅಂದ್ರೆ ನಾನು ಗಂಡಸೇ ಅಲ್ಲ." ಅವತ್ತು ಇವರ ಮೇಲೆ ನನಗೆ ಪ್ರೀತಿ ಉಕ್ಕಿತು. ಇಲ್ಲವೆಂದರೆ ಸುಳ್ಳಾಗುತ್ತದೆ.

ಚಾನೆಲ್‌ಗೆ ದಿನವೂ ಫೋನು ಶುರುವಾಯಿತು. ಅಲ್ಲಿಂದ ಬರುವ ಉತ್ತರವೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ: ಸಂಬಂಧಪಟ್ಟವರಿಗೆ ತಿಳಿಸುತ್ತೇವೆ, ನಿಮ್ಮ ಕರೆ ನಮಗೆ ಅಮೂಲ್ಯ. ಆಮೇಲೆ ಇವರು ಅಂಗಡಿಯ ಗೋಡೆಗೊಂದು ಟಿವಿ ತಗುಲಿಸಿ, ಕೈಯಲ್ಲಿ ಮೊಬೈಲ್ ಹಿಡಿದು ಕೂತರು. ನನ್ನ ದೃಶ್ಯ ಬಂದ ತಕ್ಷಣ ಸಾಕ್ಷಿಗೆ ಹಿಡಿದುಕೊಳ್ಳಬೇಕಂತೆ. ಯಾವಾಗ ಬರುತ್ತದೋ ಯಾರಿಗೆ ಗೊತ್ತು? ಹಾಗಾಗಿ ಎಲ್ಲವನ್ನೂ ನೋಡಬೇಕಾಯಿತು. ಬೆಳಗಿನ ಆರೋಗ್ಯ, ಮಧ್ಯಾಹ್ನದ ಅಡುಗೆ, ಸಂಜೆಯ ಜಗಳ, ಹವಾಮಾನ. ಗಿರಾಕಿ ಬಂದು ನಿಂತರೂ ಕಣ್ಣು ಗೋಡೆಯ ಮೇಲೆಯೇ.

"ಶತ್ರುವಿನ ಜಾತಕ ಗೊತ್ತಿರ್ಬೇಕು ಕಣೇ" ಎನ್ನುತ್ತಿದ್ದರು. ಜಾತಕವೆಲ್ಲ ಬಾಯಿಪಾಠವಾಯಿತು. ಗುಡುಗು ಕುಳ್ಳ, ಕುರ್ಚಿಯ ಮೇಲೆ ದಿಂಬು ಹಾಕಿಕೊಂಡು ಕೂರುತ್ತಾನೆ. ಅವನ ಲೋಟದಲ್ಲಿರುವುದು ನೀರಲ್ಲ, ಆರಿದ ಟೀ. ಬೆಳಗಿನ ಕಾರ್ಯಕ್ರಮದ ನಗುಮೊಗದವಳು ಮೊದಲು ಸೋಪಿನ ಜಾಹೀರಾತಿಗೆ ದನಿ ಕೊಡುತ್ತಿದ್ದಳು. ಹವಾಮಾನ ಹೇಳುವವನಿಗೆ ಥಂಡಿ ಆಗಿಬರುವುದಿಲ್ಲ. ಆಟೋಟದ ಸುದ್ದಿಯವನು ಜನ್ಮದಲ್ಲಿ ಬ್ಯಾಟು ಮುಟ್ಟಿಲ್ಲ. ಸುದ್ದಿಮನೆಯ ಗೋಡೆ ನೀಲಿಯಿಂದ ಕೆಂಪಾದದ್ದು ಯಾವ ವರ್ಷ, ಯಾರು ಮುನಿಸಿಕೊಂಡು ಬೇರೆ ಚಾನೆಲ್‌ಗೆ ಹೋಗಿ ಯಾವ ಮುಖ ಹೊತ್ತು ವಾಪಸ್ ಬಂದರು, ಎಲ್ಲವೂ. ನನ್ನ ರಕ್ತದ ಗುಂಪು ಯಾವುದೆಂದು ಕೇಳಿ, ತಡವರಿಸುತ್ತಾರೆ.

ಬೀದಿಯವರು ಅಂಗಡಿಗೆ ಬರತೊಡಗಿದರು, ಔಷಧಿಗಲ್ಲ, ಈ ವಿಷಯ ಕೇಳಲು. ಇವರಿಗೆ 'ಬ್ರೇಕಿಂಗ್' ಎಂದು ಅಡ್ಡಹೆಸರು ಬಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ. ಒಂದು ಬೆಳಗ್ಗೆ ನಗುಮೊಗದವಳು ಶೀತದ ದನಿಯಲ್ಲಿ ಮಾತಾಡಿದಾಗ ಇವರು, "ಪಾಪ, ರಜೆ ಕೊಡಬಾರ್ದಾ ಅವಳಿಗೆ?" ಎಂದರು. ನಾನು ಲೆಕ್ಕಕ್ಕೆ ಕೂತಿದ್ದವಳು ತಲೆಯೆತ್ತಿ ನೋಡಿದೆ. ಅದು ಶತ್ರುವಿನ ದನಿಯಾಗಿರಲಿಲ್ಲ. ಆಗಲೇ ಟಿವಿ ಕಿತ್ತು ಹೊರಗೆ ಎಸೆಯಬೇಕಿತ್ತು.

ಆಮೇಲೆ ಒಂದು ದಿನ ಚಾನೆಲ್‌ನವರೇ ಫೋನು ಮಾಡಿದರು. ವಾರ್ಷಿಕೋತ್ಸವಕ್ಕೆ ಒಂದು ರಸಪ್ರಶ್ನೆಯಂತೆ, ಪ್ರಶ್ನೆಗಳೆಲ್ಲ ಚಾನೆಲ್ ಬಗ್ಗೆ, ನಿರೂಪಕರ ಬಗ್ಗೆ. ಅದಕ್ಕೆ ತಮ್ಮ ಅತ್ಯಂತ ನಿಷ್ಠಾವಂತ ವೀಕ್ಷಕರನ್ನು ಕರೆಯುತ್ತಿದ್ದಾರಂತೆ. ಅತಿ ಹೆಚ್ಚು ಫೋನು ಮಾಡಿದವರು ಯಾರೆಂದು ನೋಡಿದಾಗ ಇವರ ನಂಬರು ಮೇಲೆ ಬಂತಂತೆ. ಇಷ್ಟು ವರ್ಷ ಇವರು ಫೋನಿನಲ್ಲಿ ಬೈದದ್ದನ್ನು ಒಬ್ಬನಾದರೂ ಕೇಳಿಸಿಕೊಂಡಿದ್ದರೆ ತಾನೇ? ಎಷ್ಟು ಸಲ ಎಂದು ಎಣಿಸಿದ್ದರು, ಏನು ಎಂದು ಕೇಳಿರಲಿಲ್ಲ.

"ಬೇಡ ಅಂದುಬಿಡ್ರೀ" ಎಂದೆ.

"ಹುಚ್ಚಿ! ನೇರ ಪ್ರಸಾರ ಕಣೇ. ಕತ್ತರಿ ಹಾಕೋಕಾಗಲ್ಲ. ಕೊನೇಲಿ ಒಂದು ಮಾತು ಹೇಳಿ ಅಂತ ಮೈಕ್ ಕೊಡ್ತಾರೆ, ಯಾವಾಗ್ಲೂ ಕೊಡ್ತಾರೆ. ಆಗ ಹೇಳ್ತೀನಿ. ಗುಡುಗು ಎದುರಲ್ಲೇ ಇರ್ತಾನೆ."

ನನಗೂ ಆಸೆ ಹುಟ್ಟಿತು. ಅಡುಗೆಮನೆಯಲ್ಲಿ ಸೌಟನ್ನು ಮೈಕಿನಂತೆ ಹಿಡಿಸಿ ನಾನೇ ಹೇಳಿಕೊಟ್ಟೆ: "ನಕಲಿ ಔಷಧಿ ಸುದ್ದಿಗೆ ನೀವು ತೋರಿಸೋದು ನನ್ನ ಹೆಂಡತಿ ಮುಖ. ಅವಳು ಯಾವ ತಪ್ಪೂ ಮಾಡಿಲ್ಲ. ಆ ಮಾತ್ರೆ ಕೊಟ್ಟಿದ್ದು ನಿಮಗೇ. ಕ್ಷಮೆ ಕೇಳಿ." ಅಷ್ಟೇ. ಇವರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದರು. ನನ್ನ ಕಣ್ಣು ತುಂಬಿ ಬಂತು.

ಸ್ಟುಡಿಯೋ ಟಿವಿಯಲ್ಲಿ ಕಾಣುವುದರ ಅರ್ಧದಷ್ಟೂ ಇಲ್ಲ. ಮುಂದೆ ಥಳಥಳ ಹೊಳೆಯುವ ಮೇಜು, ಅದರ ಹಿಂಬದಿ ಬರೀ ಪ್ಲೈವುಡ್, ಮೊಳೆಗಳು ಎದ್ದುಕೊಂಡಿವೆ. ನೆಲದ ತುಂಬ ವೈರು, ಮೂಳೆ ಕೊರೆಯುವ ಎಸಿ. ಇವರನ್ನು ಮುಖಕ್ಕೆ ಪೌಡರು ಹಚ್ಚಲು ಕರೆದೊಯ್ದರು. ನನ್ನನ್ನು ಮೆಟ್ಟಿಲು ಮೆಟ್ಟಿಲಾಗಿದ್ದ ಬೆಂಚಿನಲ್ಲಿ ಪ್ರೇಕ್ಷಕರ ಜೊತೆ ಕೂರಿಸಿದರು. ಅವರಲ್ಲಿ ಹೆಚ್ಚಿನವರು ಯಾವುದೋ ಕಾಲೇಜಿನಿಂದ ಬಸ್ಸಿನಲ್ಲಿ ತುಂಬಿಕೊಂಡು ಬಂದ ಮಕ್ಕಳು. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ಕ್ಯಾಮೆರಾದ ಪಕ್ಕ ನಿಂತು ನಮಗೆಲ್ಲ ಪಾಠ ಹೇಳಿದಳು. "ಒಂದು ಕೈ ಎತ್ತಿದ್ರೆ ಚಪ್ಪಾಳೆ. ಎರಡೂ ಕೈ ಎತ್ತಿದ್ರೆ ಎಲ್ಲಾ ಎದ್ದು ನಿಂತು ಚಪ್ಪಾಳೆ, ಜೊತೆಗೆ ಜೋರಾಗಿ ಕೂಗಬೇಕು. ಯಾರೂ ಮೊದಲೇ ಏಳ್ಬೇಡಿ." ಅಭ್ಯಾಸವನ್ನೂ ಮಾಡಿಸಿದಳು. ನಾನು ಏಳಲಿಲ್ಲ.

ರಸಪ್ರಶ್ನೆಯಲ್ಲಿ ಇವರನ್ನು ಹಿಡಿಯುವವರೇ ಇರಲಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ. ಕೊನೆಗೆ ಗುಡುಗಿನ ಮೊದಲ ವಾರ್ತೆಯ ದಿನ ಅವನ ಟೈ ಯಾವ ಬಣ್ಣದ್ದಾಗಿತ್ತು ಎಂದು ಇವರನ್ನೂ ಎದುರು ಕೂತಿದ್ದ ಗುಡುಗನ್ನೂ ಕೇಳಿದರು. ಗುಡುಗು ಕೆಂಪು ಎಂದ. ಇವರು, "ಇಲ್ಲ ಸಾರ್, ಬೂದು. ಒಂದು ಚುಕ್ಕೆ ಕಲೆಯೂ ಇತ್ತು" ಎಂದರು. ಹಳೆಯ ಚಿತ್ರ ತೋರಿಸಿದಾಗ ಬೂದು ಬಣ್ಣವೇ, ಕಲೆಯೂ ಇತ್ತು. ಗುಡುಗು ಕುರ್ಚಿಯಿಂದಿಳಿದು ಬಂದು ಇವರನ್ನು ಅಪ್ಪಿಕೊಂಡ. "ನನ್ನ ಹೆಂಡ್ತಿಗೂ ಇಷ್ಟು ಗೊತ್ತಿಲ್ಲ!" ಎಂದು ಹೆಗಲ ಮೇಲೆ ಕೈ ಹಾಕಿದ. ಆ ಕೈ ಬಿದ್ದ ಕೂಡಲೇ ಇವರ ಮುಖ ನೋಡಬೇಕಿತ್ತು. ಕಪ್ಪು ಬ್ಯಾಗು ಹಿಡಿದು ಡಾಕ್ಟರ ಬಾಗಿಲಲ್ಲಿ ಕಾಯುತ್ತಿದ್ದವರ ಮುಖ.

"ನಮ್ಮ ಚಾನೆಲ್‌ಗೆ ಏನಾದ್ರೂ ಒಂದು ಮಾತು?" ಎಂದು ಮೈಕು ಕೊಟ್ಟರು.

ಇವರು ನನ್ನ ಕಡೆ ನೋಡಿದರು. ಬಾಯಿ ತೆರೆದರು. "ಸಾರ್, ನೀವು ನಮ್ಮ ಔಷಧಿ ಅಂಗಡಿ ಉದ್ಘಾಟನೆಗೆ ಬಂದಿದ್ರಿ. ನೆನಪಿದೆಯಾ?"

ಬಂತು, ಈಗ ಬಂತು ಎಂದು ನಾನು ಬೆಂಚಿನ ಅಂಚು ಗಟ್ಟಿಯಾಗಿ ಹಿಡಿದೆ.

"ಅಯ್ಯೋ, ಮರೆಯೋಕಾಗುತ್ತಾ!" ಎಂದ ಗುಡುಗು. ಅವನಿಗೆ ನೆನಪಿಲ್ಲವೆಂದು ಕುರುಡನಿಗೂ ಗೊತ್ತಾಗುತ್ತಿತ್ತು.

"ಅಷ್ಟೇ ಸಾಕು ಸಾರ್" ಎಂದರು ನನ್ನ ಗಂಡ. "ಅಷ್ಟು ಸಾಕು. ಜನ್ಮ ಸಾರ್ಥಕ ಆಯ್ತು."

ನಾನು ಎದ್ದು ನಿಂತೆ. "ಅಷ್ಟೇ ಅಲ್ಲ! ಸುಳ್ಳು ಅದು! ನನ್ನ ಮುಖ ತೋರಿಸ್ತೀರಲ್ಲ..." ಎಂದು ಕಿರುಚಿದೆ. ಹೆಡ್‌ಫೋನಿನ ಹುಡುಗಿ ನನ್ನನ್ನು ಕಂಡಳು. ಅಭಿಮಾನ ಉಕ್ಕಿ ಎದ್ದವಳೆಂದುಕೊಂಡಳೋ, ಏಳಬಾರದೆಂದರೂ ಎದ್ದವಳನ್ನು ಮುಚ್ಚಿಹಾಕಬೇಕೆಂದುಕೊಂಡಳೋ, ಪಟಕ್ಕನೆ ಎರಡೂ ಕೈ ಎತ್ತಿದಳು. ಇಡೀ ಬೆಂಚು ಎದ್ದಿತು. ಚಪ್ಪಾಳೆ, ಸಿಳ್ಳೆ, ಕೂಗು. ನನ್ನ ಮಾತು ನನ್ನ ಕಿವಿಗೇ ಕೇಳಿಸಲಿಲ್ಲ. ಕ್ಯಾಮೆರಾ ನನ್ನ ಕಡೆ ತಿರುಗಿತು. ಸಿಟ್ಟಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮೇಲಿನ ದೊಡ್ಡ ಪರದೆಯಲ್ಲಿ ಬಾಯಿ ತೆರೆದು ಅಳುತ್ತಿರುವ ನನ್ನ ಮುಖ, ಅದರ ಕೆಳಗೆ 'ಭಾವುಕರಾದ ಪತ್ನಿ'.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ. "ಯಾಕ್ರೀ? ಒಂದೇ ಒಂದು ಮಾತು. ಯಾಕೆ ಹೇಳ್ಲಿಲ್ಲ?"

ಇವರು ಬಹುಮಾನದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದರು. "ಅಷ್ಟು ಪ್ರೀತಿಯಿಂದ ಮಾತಾಡಿಸಿದ ಮನುಷ್ಯನಿಗೆ ಮುಖಕ್ಕೆ ಹೊಡೆದ ಹಾಗೆ ಹೇಗೆ ಹೇಳ್ಲಿ ಇವಳೇ? ಒಳ್ಳೆಯವನು ಕಣೇ. ಪಾಪ, ಸುದ್ದಿಗೆ ಯಾವ ದೃಶ್ಯ ಹಾಕ್ತಾರೋ ಅವನಿಗೇನು ಗೊತ್ತಿರುತ್ತೆ?"

"ನಾನು ಯಾರು ಹಾಗಾದ್ರೆ?"

"ನೀನು ಮನೆಯವಳಲ್ವಾ" ಎಂದರು. ಸಮಾಧಾನ ಹೇಳುವ ದನಿಯಲ್ಲೇ ಹೇಳಿದರು. ಮುಂದಿನ ನಿಲ್ದಾಣದಲ್ಲಿ ನಾನು ಇಳಿದೆ. ಉಳಿದ ದಾರಿಯನ್ನು ನಡೆದೇ ಬಂದೆ.

ಮರುದಿನ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಒಬ್ಬ ನಿವೃತ್ತ ಬಸ್ ಡ್ರೈವರ್ ಬಂದು ನಿಂತಿದ್ದರು. ಬಿಪಿ ಮಾತ್ರೆಯವರು, ನನ್ನನ್ನು ಬಿಟ್ಟು ಆಚೆ ಬೀದಿಗೆ ಹೋದವರಲ್ಲಿ ಒಬ್ಬರು. "ನಿನ್ನೆ ಟಿವೀಲಿ ನೋಡ್ದೆ ಕಣಮ್ಮ. ನಮ್ಮನೇಲಿ ಎಲ್ರೂ ಅತ್ತುಬಿಟ್ರು. ಕೊಡಮ್ಮ, ಇನ್ಮೇಲೆ ನಮ್ಮ ಮಾತ್ರೆ ಎಲ್ಲ ಇಲ್ಲೇ."

"ನಕಲಿ ಮಾತ್ರೆ ಅಂತ ನನ್ನ ತೋರ್ಸಿದ್ದೂ ಆ ಟಿವೀನೇ" ಎಂದೆ.

"ಅಯ್ಯೋ, ಆ ಚಾನೆಲ್‌ನೋರೇ ನಿಮ್ಮನ್ನ ಕರೆಸಿ ಮರ್ಯಾದೆ ಮಾಡಿದಾರೆ ಅಂದ್ಮೇಲೆ ಅದೆಲ್ಲ ಸುಳ್ಳೇ ಇರ್ಬೇಕು ಬಿಡಮ್ಮ."

"ನಾನು ಅತ್ತಿದ್ದು ಸಿಟ್ಟಿಗೆ."

"ಆಗುತ್ತಮ್ಮ, ಸಂತೋಷ ಜಾಸ್ತಿಯಾದ್ರೆ ಹಂಗೇ" ಎಂದು ಅವರು ನಕ್ಕು ಚೀಟಿ ಮುಂದೆ ಚಾಚಿದರು. ಏನು ಮಾಡಲಿ? ಮಾತ್ರೆ ಕೊಟ್ಟೆ.

ಈಗ ಅಂಗಡಿ ಮೊದಲಿಗಿಂತ ಚೆನ್ನಾಗಿ ನಡೆಯುತ್ತಿದೆ. ಇವರು ಬಾಗಿಲಲ್ಲೇ ನಿಂತು ಗುಡುಗು ಹೆಗಲ ಮೇಲೆ ಕೈ ಹಾಕಿದ ಕತೆಯನ್ನು ಬಂದವರಿಗೆಲ್ಲ ಹೇಳುತ್ತಾರೆ, ಕೇಳಿದವರು ನಗುನಗುತ್ತ ಕೌಂಟರಿಗೆ ಬಂದು ನನ್ನನ್ನೂ ನಗಿಸಲು ನೋಡುತ್ತಾರೆ. ನಾನು ಚೀಟಿ ಓದುತ್ತೇನೆ, ಮಾತ್ರೆ ಕೊಡುತ್ತೇನೆ, ಚಿಲ್ಲರೆ ಕೊಡುತ್ತೇನೆ. ಯಾರ ಮುಖವನ್ನೂ ನೋಡಿ ನಗುವುದಿಲ್ಲ. ಟಿವಿಯಲ್ಲಿ ಬಂದ ಮೇಲೆ ಅವಳಿಗೆ ಜಂಬ ಹೆಚ್ಚಾಗಿದೆ ಎಂದು ಬೀದಿಯಲ್ಲಿ ಮಾತಾಡಿಕೊಳ್ಳುತ್ತಿದ್ದಾರಂತೆ.