ನಾನು ಅಳಿಸಿದ ಸೇತುವೆ

ರೊಮೇನಿಯಾದ ಸಿಬಿಯು ಎಂಬ ಹಳೆಯ ಊರನ್ನು ನಾನು ನೋಡಿಲ್ಲ. ಆದರೆ ಅಲ್ಲಿ ಎಲ್ಲಿ ಉಳಿಯಬೇಕು, ಏನು ನೋಡಬೇಕು ಎಂದು ಅಮೆರಿಕದ ಕ್ಯಾಂಟನ್ನಿನ ನಮ್ಮ ಅಡುಗೆಮನೆಯಲ್ಲಿ ಕೂತು ಮೂರು ವರ್ಷ ಪಟ್ಟಿ ಬರೆದವಳು ನಾನು. ದೊಡ್ಡ ಚೌಕದ ಗಲಾಟೆ ಬೇಡ, ಹಿಂದಿನ ಓಣಿಯ ಅತಿಥಿಗೃಹದಲ್ಲಿ ಅಂಗಳದ ಕಡೆಯ ಕೋಣೆಯನ್ನೇ ಕೇಳಬೇಕು. ಗೋಪುರವನ್ನು ಬೆಳಿಗ್ಗೆಯೇ ಹತ್ತಬೇಕು. ಹೆಂಚಿನ ಮಾಡುಗಳಿಂದ ಅರೆಗಣ್ಣು ತೆರೆದು ನೋಡುವಂಥ ಕಿಟಕಿಗಳಿಗೆ ಸಂಜೆಬಿಸಿಲೇ ಚೆನ್ನ. ಹೋಗುವುದೊಂದೇ ಬಾಕಿ. ಆದರೆ ನಮ್ಮದು ಕೆಲಸದ ವೀಸಾ. ದೇಶ ಬಿಟ್ಟರೆ ಪಾಸ್‌ಪೋರ್ಟಿನಲ್ಲಿ ಹೊಸದಾಗಿ ವೀಸಾ ಸ್ಟ್ಯಾಂಪಿಂಗ್ ಆಗದೆ ವಾಪಸ್ ಬರುವಂತಿಲ್ಲ, ಅದು ಯಾವಾಗ ಆಗುತ್ತದೋ ಹೇಳುವಂತಿಲ್ಲ.

ಎದುರುಮನೆಯ ಗೆಳತಿಗೆ ಆ ತಾಪತ್ರಯವಿಲ್ಲ. ಅಮೆರಿಕನ್ ಪಾಸ್‌ಪೋರ್ಟ್ ಕೈಗೆ ಬಂದ ತಿಂಗಳಲ್ಲೇ, "ಸಿಬಿಯುಗೆ ಟಿಕೆಟ್ ಬುಕ್ ಮಾಡಿದ್ವಿ ಕಣೇ, ನಿನ್ನ ಲಿಸ್ಟ್ ಕಳ್ಸು," ಎಂದಳು. ನನ್ನ ಬಾಯಿಂದಲೇ ಕೇಳಿ ತಿಳಿದುಕೊಂಡ ಊರು! ಹೊಟ್ಟೆ ಧಗಧಗ ಉರಿಯಿತು. ಪಟ್ಟಿ ಕಳಿಸಿದೆ, ಆದರೆ ಕಳಿಸುವ ಮುಂಚೆ ಒಂದು ಸಾಲನ್ನು ಅಳಿಸಿದೆ. ಚಿಕ್ಕ ಚೌಕದ ಪಕ್ಕದ ಕಬ್ಬಿಣದ ಸೇತುವೆ. ಅದೊಂದಾದರೂ ನನಗೇ ಇರಲಿ.

ಅವಳು ಹೊರಟು ವಾರ ಕಳೆಯುವುದರೊಳಗೆ ಅದೇ ಸೇತುವೆಯ ಮೇಲೆ ನಿಂತ ಅವಳ ಫೋಟೋ ಬಂತು. ಕೆಳಗೆ ಬರೆದಿದ್ದಳು: "ಇದು ನಿನ್ನ ಲಿಸ್ಟಲ್ಲಿ ಇರ್ಲಿಲ್ಲ, ಸೇರಿಸ್ಕೋ. ಸುಳ್ಳು ಹೇಳಿದ್ರೆ ಈ ಸೇತುವೆ ಅಲ್ಲಾಡುತ್ತಂತೆ! ನೀನು ಬಂದಾಗ ಮಿಸ್ ಮಾಡ್ಬೇಡ."

"ಅಯ್ಯೋ, ನಂಗೆ ಗೊತ್ತೇ ಇರ್ಲಿಲ್ಲ ಕಣೇ," ಎಂದು ಉತ್ತರ ಬರೆದೆ.

ನಮ್ಮ ಅಡುಗೆಮನೆಯ ನೆಲ ಅಲ್ಲಾಡಲಿಲ್ಲ.