ಡೈರಿಯಲ್ಲಿ ಹನ್ನೊಂದು ಗೆರೆ

ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಬಣಕಲ್‌ನ ಗ್ಯಾರೇಜಿನಲ್ಲಿ ಇದ್ದವರು ನಾನು ಮತ್ತು ಮೆಕ್ಯಾನಿಕ್, ಇಬ್ಬರೇ. ನನ್ನ ಜೀಪಿನ ಬ್ರೇಕ್ ಒಂಬತ್ತಕ್ಕೆ ಸಿದ್ಧವಾಗಬೇಕಿತ್ತು. ಅವರು ಚಕ್ರ ಬಿಚ್ಚಿಟ್ಟು ಮೊಬೈಲ್ ನೋಡುತ್ತಾ ಕುಳಿತಿದ್ದರು. ವಿದೇಶದಲ್ಲಿ ಹದಿನೆಂಟರೊಳಗಿನ ಹುಡುಗಿಯರ ಐಸ್ ಹಾಕಿ ಪಂದ್ಯ, ಅದೂ ಕೆಳಗಿನ ದರ್ಜೆಯ ಟೂರ್ನಿ. ನಮ್ಮ ದೇಶದ ಗೋಲು ಕಾಯುತ್ತಿದ್ದವಳು ಅವರ ಮಗಳು. ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಚಕ್ರದ ಶೂ ಕಟ್ಟಿ ಸ್ಕೇಟಿಂಗ್ ಕಲಿತು ಮಂಜುಗಡ್ಡೆಗೆ ಇಳಿದವಳು.

ಯಾವ ಗಾಡಿ ಬಂದರೂ "ಬಿಚ್ಚಿ ನೋಡದೆ ಹೇಳಬಾರ್ದು ಸಾರ್" ಎನ್ನುವ ಮನುಷ್ಯ ಅಂದು ಬಿಚ್ಚಿದ ಚಕ್ರದ ಕಡೆ ತಿರುಗಿಯೂ ನೋಡಲಿಲ್ಲ. ಒಂದೊಂದು ಗೋಲು ಬಿದ್ದಾಗಲೂ ಒಣಗಿದ ಕೈಯನ್ನೇ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದರು. ನಾನು ಡೈರಿಯಲ್ಲಿ ಗೋಲಿಗೊಂದು ಗೆರೆ ಎಳೆಯುತ್ತಿದ್ದೆ. ಕೊನೆಗೆ ಎದುರಾಳಿಗಳದು ಹನ್ನೊಂದು, ನಮ್ಮವರದು ಸೊನ್ನೆ.

"ಸಾಕು ಸಾರ್. ಮಗಳು ಫೋನ್ ಮಾಡ್ಲಿ, ಈ ಆಟ ಬಿಟ್ಟುಬಿಡು ಅಂತೀನಿ."

ಅಷ್ಟರಲ್ಲಿ ಎರಡೂ ತಂಡಗಳು ಸಾಲಾಗಿ ನಿಂತವು. ಒಂದೊಂದು ತಂಡದ ಉತ್ತಮ ಆಟಗಾರ್ತಿಗೆ ಬಹುಮಾನ. ನಮ್ಮ ಕಡೆಯಿಂದ ಕರೆದದ್ದು ಅವರ ಮಗಳನ್ನೇ.

"ಇದೇನ್ ಮಾರಾಯ್ರೆ, ಸೋತವರಿಗೂ ಕೊಡ್ತಾರಾ?" ಎಂದೆ.

"ಕೊಡ್ಲಿ ಸಾರ್. ಹನ್ನೊಂದು ಬಿಟ್ಟವಳಿಗೆ ಯಾಕೆ?"

ಅರ್ಧ ಗಂಟೆಯ ಮೇಲೆ ಮಗಳ ಫೋನ್ ಬಂತು. "ಅಪ್ಪಾ, ಐವತ್ತಾರು ಗೋಲು ತಡೆದೆ!"

ಅವರು ನನ್ನ ಡೈರಿಯ ಕಡೆ ನೋಡಿದರು. "ತಡೆದಿದ್ದನ್ನ ಬರ್ಕೊಂಡಿಲ್ವಾ ಸಾರ್?"

ಅದನ್ನು ನಾನು ಬರೆದುಕೊಂಡಿರಲಿಲ್ಲ.

ಅವರು ಫೋನಿಗೆ, "ಮುಂದಿನ ಮ್ಯಾಚ್ ಯಾವಾಗ ಮಗಾ?" ಎಂದರು. ಆಮೇಲೆ ಚಕ್ರ ಕೂರಿಸಿ, ಹತ್ತೂಕಾಲಿಗೆ ಕೊನೆಯ ನಟ್ ಬಿಗಿದರು.